ಉದ್ದ ಫೋಟೋದ ಎಡತುದಿ

ಇವತ್ತು ಬೆಳಿಗ್ಗೆಯೂ ಎಲ್ಲ ಬೆಳಗಿನ ಹಾಗೆಯೇ ಇತ್ತು. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಬಿಟ್ಟು, ಹಾಲು ಕಾಯಿಸಿದೆ. ಯಜಮಾನರ ಡಬ್ಬಿಗೆ ಚಪಾತಿ, ಹೀರೇಕಾಯಿ ಪಲ್ಯ ಕಟ್ಟಿದೆ. ಏಳೂಮುಕ್ಕಾಲಿಗೆ ಅವರ ಕಾರ್ಖಾನೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು, ಅವರು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಶೂ ಲೇಸು ಹಿಡಿದು ಓಡಿದರು. ನಾಳೆ ಬಣ್ಣದವರು ಬರುತ್ತಾರೆ, ನಡುಮನೆಯ ಬೀರುವನ್ನು ಗೋಡೆಯಿಂದ ಸರಿಸಿಡಬೇಕಿತ್ತು. ಬೀರುವಿನ ಕಾಲಿಗೆ ಹಳೆಯ ಟವಲು ಸಿಕ್ಕಿಸಿ ಒಬ್ಬಳೇ ಎಳೆಯುತ್ತಿದ್ದಾಗ ಹಿಂದುಗಡೆಯಿಂದ ಏನೋ ಉರುಳಿ ಬಂತು. ಒಂದು ಮೊಳ ಉದ್ದದ ನೀರಿನ ಪೈಪು, ಎರಡೂ ಬಾಯಿಗೆ ಬಟ್ಟೆ ತುರುಕಿತ್ತು.

ಬಟ್ಟೆ ಎಳೆದ ತಕ್ಷಣ ಮೂಗಿಗೆ ಬಂದದ್ದು ಒಂದು ಹುಳಿ ವಾಸನೆ. ಹುಳಿ ಬಂದ ದೋಸೆ ಹಿಟ್ಟಿಗೆ ಹೊಸ ಪಾತ್ರೆಯ ಕಬ್ಬಿಣದ ವಾಸನೆ ಸೇರಿಸಿದರೆ ಹೇಗೋ ಹಾಗೆ. ಅದು ಫೋಟೋ ತೊಳೆಯುವ ಔಷಧದ ವಾಸನೆ ಎಂದು ಗೊತ್ತಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಒಳಗೆ ಸುರುಳಿ ಸುತ್ತಿದ್ದದ್ದು ಆ ಉದ್ದ ಫೋಟೋ ಎಂದು ಗೊತ್ತಾದ ಮೇಲೆ ಬೀರುವನ್ನು ಅಲ್ಲಿಗೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ...

ಅದನ್ನು ತೆಗೆದವರನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಸ್ಟುಡಿಯೋದವರು ಎಂದೇ ಕರೆಯುತ್ತಿದ್ದರು. ನಾನು ಮದುವೆಯಾಗಿ ಹೊಸಕೋಟೆಯಿಂದ ದೊಡ್ಡಬಳ್ಳಾಪುರಕ್ಕೆ ಬಂದಾಗ ಅವರಿಗೆ ಐವತ್ತರ ಹತ್ತಿರ. ಬೀದಿಯ ಎರಡೂ ಕಡೆ ಮನೆ, ಮನೆಯೊಳಗೆ ಮಗ್ಗ. ಬೆಳಿಗ್ಗೆ ಏಳಕ್ಕೆ ಶುರುವಾದರೆ ಕರೆಂಟು ಹೋಗುವ ತನಕ ಟಕಾ ಟಕಾ ಎಂಬ ಸದ್ದು ನಿಲ್ಲುತ್ತಿರಲಿಲ್ಲ. ಆ ಸದ್ದಿನ ನಡುವೆ ಒಂದೇ ಒಂದು ಬಾಗಿಲು ನಿಶ್ಶಬ್ದವಾಗಿರುತ್ತಿತ್ತು, ಅದು ಅವರ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಒಂದು ಸ್ಟೂಲು, ನೀಲಿ ಪರದೆ, ಕನ್ನಡಿ, ಕನ್ನಡಿಗೆ ದಾರ ಕಟ್ಟಿ ನೇತುಹಾಕಿದ ಬಾಚಣಿಗೆ. ಅವರ ಅಪ್ಪನ ಕಾಲದ ಮರದ ಕ್ಯಾಮೆರಾ ಮೂಲೆಯಲ್ಲಿ ಕಪ್ಪು ಬಟ್ಟೆ ಹೊದ್ದು ನಿಂತಿರುತ್ತಿತ್ತು, ಮನೆಗೆ ಬಂದ ಹಿರಿಯ ನೆಂಟರ ಹಾಗೆ.

ಅವರ ಕಪ್ಪೆಕಣ್ಣಿನ ಕತೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕುವ ನೇಕಾರರು ತಮ್ಮ ಮಗ್ಗಗಳೆಲ್ಲ ಒಂದೇ ಫೋಟೋದಲ್ಲಿ ಕಾಣಬೇಕು ಎಂದು ಕೇಳುತ್ತಿದ್ದರು. ಹತ್ತಡಿ ಅಗಲದ ಕೋಣೆ, ಅದರೊಳಗೆ ನಾಲ್ಕು ಮಗ್ಗ. ಫೋಟೋ ತೆಗೆಯುವವನು ಹಿಂದೆ ಸರಿಯಬೇಕೆಂದರೆ ಬೆನ್ನಿಗೆ ಗೋಡೆ. ಅಗಲ ಹಿಡಿಯುವ ಒಳ್ಳೆಯ ಲೆನ್ಸುಗಳ ಬೆಲೆ ಕೇಳಿದರೆ ಒಂದು ಮಗ್ಗವನ್ನೇ ಕೊಳ್ಳಬಹುದಿತ್ತಂತೆ. ಹೀಗಿರುವಾಗ ಬೆಂಗಳೂರಿನ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಅವರಿಗೊಂದು ರಷ್ಯಾದ ಲೆನ್ಸು ಸಿಕ್ಕಿತು. ಮಧ್ಯಮ ಅಳತೆಯ ಫಿಲಂ ಹಾಕುವ ಯಾವುದೋ ಕ್ಯಾಮೆರಾದ್ದು, ಮೂತಿಯ ಗಾಜಿನ ಮೇಲೆ ಒಂದು ಗೀರು, ಅದಕ್ಕೇ ಅಗ್ಗ. ಫಿಶ್‌ಐ ಎಂದು ಅದರ ಹೆಸರು. ಮೀನು ನೀರಿನೊಳಗಿಂದ ನೋಡಿದ ಹಾಗೆ ಆ ಕಿವಿಯಿಂದ ಈ ಕಿವಿಯವರೆಗೆ ಇರುವುದೆಲ್ಲ ಅದಕ್ಕೆ ಕಾಣುತ್ತದೆ. ಆದರೆ ಮುಂದೆ ಉಬ್ಬಿ ನಿಂತ ಗಾಜು ನೋಡಿದವರು ಮೀನು ಅನ್ನಲಿಲ್ಲ, ಕಪ್ಪೆಕಣ್ಣು ಅಂದರು. ಆ ಹೆಸರೇ ನಿಂತಿತು.

ಅವರು ಆ ಕಪ್ಪೆಕಣ್ಣನ್ನು ಅಪ್ಪನ ಮರದ ಕ್ಯಾಮೆರಾಗೆ ಕೂರಿಸಿದರು. ಮಗ್ಗ ರಿಪೇರಿಯ ಬಡಗಿಯ ಹತ್ತಿರ ಹಲಗೆಯಲ್ಲಿ ದುಂಡನೆಯ ತೂತು ಕೊರೆಸಿ, ಚಿತ್ರದ ಅಂಚು ಮರೆಯಾಗದಿರಲೆಂದು ಲೆನ್ಸಿನ ಸುತ್ತ ದಳಗಳ ಹಾಗಿದ್ದ ತಗಡನ್ನು ತಾವೇ ಅರದಿಂದ ಉಜ್ಜಿ ತೆಗೆದರು. ಅದಕ್ಕೆ ಶಟರ್ ಕೂಡ ಇರಲಿಲ್ಲ. ಮುಚ್ಚಳ ತೆಗೆದು ಒಂದು, ಎರಡು ಎಂದು ಎಣಿಸಿ ಮತ್ತೆ ಮುಚ್ಚಬೇಕು, ಅಷ್ಟೆ.

ಮೊದಲ ಫೋಟೋ ಬಂದಾಗ ಆದ ಗಲಾಟೆ ನನಗೆ ಚೆನ್ನಾಗಿ ನೆನಪಿದೆ. ನಾನು ಪಾಸ್‌ಪೋರ್ಟ್ ಅಳತೆಯ ಫೋಟೋಗೆಂದು ಸ್ಟೂಲಿನ ಮೇಲೆ ಕೂತಿದ್ದೆ, ಎದುರು ಮನೆಯ ನೇಕಾರರು ಫೋಟೋ ಬೀಸಿಕೊಂಡು ಒಳಗೆ ಬಂದರು.

“ಏನಣ್ಣ ಇದು? ನನ್ನ ಮಗ್ಗ ಬಾಳೆಹಣ್ಣು ಆಗೋಗದೆ!”

“ಮಧ್ಯದ್ದು ನೆಟ್ಟಗೈತಲ್ಲಪ್ಪ.”

“ಮಧ್ಯದ್ದು ಒಂದೇಯಾ. ಮ್ಯಾನೇಜರ್ರು ಕೇಳಿದ್ರು, ಮೂರು ಮಗ್ಗ ಸುಟ್ಟೋಗಿ ಬಗ್ಗೋಗಿದಾವೇನ್ರೀ ಅಂತ.”

ಸ್ಟುಡಿಯೋದವರು ನಗಲಿಲ್ಲ. ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಿಂಗಳುಗಟ್ಟಲೆ ಅದೇ ಧ್ಯಾನ. ಕ್ಯಾಮೆರಾ ಚೂರೂ ತಲೆಯೆತ್ತದೆ, ತಗ್ಗಿಸದೆ ಮಟ್ಟವಾಗಿರಬೇಕು, ಆಗ ನಟ್ಟನಡುವೆ ಹಾದುಹೋಗುವ ಗೆರೆ ಬಗ್ಗುವುದಿಲ್ಲ. ದುಂಡಗೆ ಬಂದ ಚಿತ್ರದ ಮೇಲಿನದನ್ನೂ ಕೆಳಗಿನದನ್ನೂ ಕತ್ತರಿಸಿ ಬಿಸಾಕಿ ನಡುವಿನ ಪಟ್ಟಿಯನ್ನಷ್ಟೇ ಇಟ್ಟುಕೊಂಡರೆ, ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾದಲ್ಲಿ ತೆಗೆದಂಥ ಉದ್ದನೆಯ ಫೋಟೋ. ಒಮ್ಮೆ ನನ್ನನ್ನೂ ಕರೆದು ಕಪ್ಪು ಬಟ್ಟೆಯೊಳಗೆ ತಲೆ ಹಾಕಿಸಿದರು. ಗಾಜಿನ ಮೇಲೆ ನಮ್ಮ ಇಡೀ ಬೀದಿ ತಲೆಕೆಳಗಾಗಿ, ಕಾವಲಿಯ ಮೇಲೆ ಹುಯ್ದ ದೋಸೆಯ ಹಾಗೆ ದುಂಡಗೆ ಬಿದ್ದಿತ್ತು. ನಮ್ಮನೆ ಬಾಗಿಲು, ಬಾಗಿಲ ಮುಂದೆ ಒಣಹಾಕಿದ್ದ ನನ್ನ ಹಸಿರು ಸೀರೆ, ನಲ್ಲಿ, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಅವರ ಹೆಂಡತಿ...

ಅವರ ಹೆಂಡತಿ. ಆಕೆಯ ವಿಷಯಕ್ಕೆ ಬರಬೇಕು.

ಆಕೆಯ ತುಟಿಯ ಪಕ್ಕದಿಂದ ಕೆನ್ನೆಯವರೆಗೆ ಬಿಳಿ ಮಚ್ಚೆಯಿತ್ತು. ಎರಡೂ ಕೈ ಬೆರಳುಗಳೂ ಬೆಳ್ಳಗಾಗಿದ್ದವು. ಅದು ಅಂಟುವ ಕಾಯಿಲೆಯಲ್ಲ ಎಂದು ಓದಿದವರಿಗೂ ಓದದವರಿಗೂ ಗೊತ್ತಿತ್ತು. ಆದರೂ ಅರಿಶಿನ ಕುಂಕುಮ ಕೊಡುವಾಗ ನಮ್ಮ ಬೀದಿಯ ಹೆಂಗಸರು ಬಟ್ಟಲನ್ನೇ ಆಕೆಯ ಮುಂದೆ ಹಿಡಿಯುತ್ತಿದ್ದರು, ನೀವೇ ತಗೊಳ್ಳಿ ಅಂತ. ಮಿಕ್ಕವರಿಗೆ ತಾವೇ ಹಚ್ಚುತ್ತಿದ್ದರು. ಆಕೆ ಗಮನಿಸದವರ ಹಾಗೆ ನಗುತ್ತಾ ತಾವೇ ಹಚ್ಚಿಕೊಳ್ಳುತ್ತಿದ್ದರು.

ಮೂವತ್ತು ವರ್ಷ ಫೋಟೋಗ್ರಾಫರನ ಹೆಂಡತಿಯಾಗಿದ್ದರೂ ಆಕೆಯ ಫೋಟೋ ಆ ಮನೆಯಲ್ಲಿದ್ದದ್ದು ಒಂದೇ ಒಂದು. ಅದರ ಕತೆಯನ್ನು ನನಗೆ ಆಕೆಯೇ ಒಂದು ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಹೇಳಿದರು. ಮದುವೆಯ ಹೊತ್ತಿಗೆ ಮಚ್ಚೆ ತುಟಿಯ ಪಕ್ಕ ಕಾಳಿನಷ್ಟಿತ್ತು. ತಮ್ಮ ತಾಯಿಗೆ ಬೇಸರವಾಗಬಾರದೆಂದು ಗಂಡ ನೆಗೆಟಿವ್ ಮೇಲೆ ಸಣ್ಣ ಕುಂಚ ಆಡಿಸಿ ಅದನ್ನು ಅಳಿಸಿದರು, ಚೌಕಟ್ಟು ಹಾಕಿಸಿ ಸ್ಟುಡಿಯೋದಲ್ಲಿ ತೂಗುಹಾಕಿದರು.

“ನೋಡ್ದೆ. ಚೆನ್ನಾಗವ್ಳೆ, ಯಾರು ಈಯಮ್ಮ ಅಂತ ಕೇಳ್ದೆ,” ಅಂದರು ಆಕೆ. “ಪಾಪ, ಅವ್ರ ಮುಖ ನೋಡ್ಬೇಕಿತ್ತು. ಅವತ್ತೇ ಹೇಳ್ಬಿಟ್ಟೆ, ಇನ್ಮೇಲೆ ನನ್ನ ಫೋಟೋ ಬ್ಯಾಡ ಅಂತ.”

ಆಮೇಲೆ ಗಂಡ ಎಷ್ಟು ಬಾರಿ ಕೇಳಿದರೂ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ಸಿಟ್ಟಿನಿಂದಲ್ಲ. ಆ ಸ್ಟೂಲಿನ ಮೇಲೆ ಕೂತರೆ ಅಳಿಸಿಹೋದವಳೇ ಬಂದು ಪಕ್ಕದಲ್ಲಿ ಕೂತ ಹಾಗೆ ಅನ್ನಿಸುತ್ತದೆ ಎಂದರು.

ಹನ್ನೆರಡು ವರ್ಷದ ಹಿಂದೆ, ರಸ್ತೆ ಅಗಲ ಮಾಡುತ್ತಾರೆಂದು ನಮ್ಮ ಬೀದಿಯ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಬಿತ್ತು. ಎಲ್ಲರ ಮನೆಯ ಜಗಲಿ, ಮುಂದಿನ ಕೋಣೆ ಹೋಗುವುದು ಖಾತ್ರಿಯಾಯಿತು. ಸ್ಟುಡಿಯೋ ಅಂತೂ ಪೂರ್ತಿ ಹೋಗುತ್ತಿತ್ತು. ಆಗ ಸ್ಟುಡಿಯೋದವರು ಮನೆಮನೆಗೆ ಬಂದು ಹೇಳಿದರು: ಬೀದಿ ಹೋಗುವ ಮುಂಚೆ ಎಲ್ಲರನ್ನೂ, ಎಲ್ಲ ಬಾಗಿಲನ್ನೂ ಸೇರಿಸಿ ಒಂದು ಉದ್ದ ಫೋಟೋ ತೆಗೆಯುತ್ತೇನೆ, ಮನೆಗೊಂದು ಪ್ರತಿ, ಯಾರೂ ಏನೂ ಕೊಡಬೇಕಾಗಿಲ್ಲ. ಸೋಮವಾರ ಯಂತ್ರ ಬರುತ್ತದೆ, ಭಾನುವಾರ ಬೆಳಿಗ್ಗೆ ಏಳಕ್ಕೆ ನಿಲ್ಲಬೇಕು.

ಆ ವಾರದಲ್ಲಿ ಒಂದು ದಿನ ಆಕೆ ನಲ್ಲಿಯ ಹತ್ತಿರ ನನ್ನ ಕಿವಿಯಲ್ಲಿ ಹೇಳಿದರು, “ನಾನೂ ನಿಲ್ತಾ ಇದೀನಿ ಕಣಮ್ಮ.”

“ನಿಜವಾಗ್ಲೂ ಅಕ್ಕ?”

“ಒಬ್ಳೇ ಅಂದಿದ್ರೆ ಇಲ್ಲ. ಬೀದಿ ಜನ ಎಲ್ಲ ಇರ್ತಾರಲ್ಲ. ನೆಗೆಟಿವ್ ಮೇಲೆ ಕೈ ಇಡಂಗಿಲ್ಲ ಅಂತ ದೇವ್ರ ಮುಂದೆ ಆಣೆ ಮಾಡಿಸ್ಕೊಂಡಿದೀನಿ. ನಾನು ಎಲ್ಲಾರ್ಗಿಂತ ಕೊನೇಲಿ ನಿಂತ್ಕೊಳದು ಅಂದೆ. ಅದುಕ್ಕೂ ಏನೋ ಲೆಕ್ಕ ಹಾಕ್ಕೊಂಡು ಕೂತವ್ರೆ.”

ಆ ಮುಖದಲ್ಲಿ ಹೊಸ ಸೀರೆ ಉಡುವ ಹುಡುಗಿಯ ನಾಚಿಕೆಯಿತ್ತು. ಸ್ಟುಡಿಯೋದವರು ಕೂಡ ಆ ವಾರ ಬೇರೆಯೇ ಮನುಷ್ಯ. ಬೀದಿಯ ಫೋಟೋ ಎಂದು ಊರಿಗೆಲ್ಲ ಹೇಳುತ್ತಿದ್ದರು, ಅವರು ತೆಗೆಯಲು ಹೊರಟಿದ್ದು ಯಾರ ಫೋಟೋ ಎಂದು ನನಗೆ ಗೊತ್ತಿತ್ತು.

ಶನಿವಾರ ಸಂಜೆ ಅವರು ಕ್ಯಾಮೆರಾದ ಮುಕ್ಕಾಲಿಯನ್ನು ನಮ್ಮ ಎದುರು ಸಾಲಿನ ಒಂದು ಜಗಲಿಯ ಪಕ್ಕ ನಿಲ್ಲಿಸಿ, ಅದರ ಕಾಲಿಗೆ ಒಂದು ಹಗ್ಗ ಕಟ್ಟಿದರು. ಹಗ್ಗದಲ್ಲಿ ಅಲ್ಲಲ್ಲಿ ಬಣ್ಣಬಣ್ಣದ ಚಿಂದಿಯ ಗಂಟುಗಳು. ಮಧ್ಯಕ್ಕೆ ಹದಿನಾಲ್ಕು ಅಡಿಯ ಗಂಟು, ತುದಿಗೆ ಹೋಗುತ್ತಾ ಹೋಗುತ್ತಾ ಇಪ್ಪತ್ತೊಂದು. ಹಗ್ಗ ಎಳೆದು ಹಿಡಿದು ಗಂಟು ನೋಡಿಕೊಂಡು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಒಂದು ಬಾಗಿದ ಗೆರೆ ಎಳೆದರು. ನಮ್ಮ ಸಾಲಿನ ಮನೆಗಳ ಮುಂದೆ ಶುರುವಾದ ಗೆರೆ ಎರಡೂ ತುದಿಯಲ್ಲಿ ರಸ್ತೆಗೆ ಅಡ್ಡವಾಗಿ ಬಾಗಿ ಕ್ಯಾಮೆರಾದ ಕಡೆಗೇ ಬಂದಿತ್ತು, ಮೊರದ ಅಂಚಿನ ಹಾಗೆ. ಫೋಟೋದ ಎಡತುದಿ ನಮ್ಮ ಮನೆಯ ಮುಂದೆ. ಹಗ್ಗ ಯಾಕೆ, ಗೆರೆ ಯಾಕೆ ಬಾಗಿದೆ ಎಂದು ನಾನು ಕೇಳಲೇ ಇಲ್ಲ. ಒಲೆಯ ಮೇಲೆ ಸಾರಿತ್ತು.

ಭಾನುವಾರ ಬೆಳಿಗ್ಗೆ ಏನಾಯಿತೆಂದರೆ, ಬೀದಿಯ ಹೆಂಗಸರೆಲ್ಲ ಎಂದಿಗಿಂತ ಮುಂಚೆ ಎದ್ದೆವು. ಫೋಟೋದಲ್ಲಿ ನಮ್ಮ ಬಾಗಿಲು ಕೊಳೆಯಾಗಿ ಕಾಣಬಾರದಲ್ಲ! ಕೊಡಗಟ್ಟಲೆ ನೀರು ಹುಯ್ದು, ಪೊರಕೆಯಲ್ಲಿ ತಿಕ್ಕಿ, ಹಬ್ಬಕ್ಕೆ ಹಾಕುವಂಥ ರಂಗೋಲಿ ಹಾಕಿದೆವು. ನಾನು ಹದಿನೈದು ಚುಕ್ಕಿಯದು ಹಾಕಿದೆ. ಆರೂವರೆಗೆ ಸ್ಟುಡಿಯೋದವರು ಕ್ಯಾಮೆರಾ ಹೊತ್ತುಕೊಂಡು ಬಂದು ನೋಡಿದರೆ ಸುಣ್ಣದ ಗೆರೆಯ ಗುರುತೇ ಇಲ್ಲ.

“ಅಯ್ಯೋ ನನ್ನ ತಾಯಂದ್ರಾ, ಗೆರೆ ನುಂಗ್ಬಿಟ್ರಲ್ರಮ್ಮ!”

“ನೀನು ಹೇಳ್ಬೇಕಿತ್ತಪ್ಪ, ಗುಡಿಸ್ಬೇಡಿ ಅಂತ!” ಎಂದು ಯಾರೋ ಕೂಗಿದರು.

“ಗುಡಿಸ್ಬೇಡಿ ಅಂದ್ರೆ ನೀವು ಕೇಳೋರಾ?”

ಎಲ್ಲರೂ ನಕ್ಕರು, ಅವರೂ ನಕ್ಕರು. ನಗುತ್ತಲೇ ಹಗ್ಗ ಹಿಡಿದು ಓಡಾಡಿ ಅರವತ್ತು ಜನರನ್ನು ಮತ್ತೆ ನಿಲ್ಲಿಸಿದರು. ಹಗ್ಗದ ತುದಿ ಎಲ್ಲಿ ಬಿತ್ತೋ ಅಲ್ಲಿ, ರಸ್ತೆಯ ಆ ಕಡೆಗೇ ಬಂದುಬಿಟ್ಟ ಜಾಗದಲ್ಲಿ, ಎಡಗಡೆ ಎಲ್ಲರಿಗಿಂತ ಕೊನೆಗೆ ತಮ್ಮ ಹೆಂಡತಿಯನ್ನು ನಿಲ್ಲಿಸಿದರು. ನೀಲಿ ಅಂಚಿನ ಬಿಳಿ ಸೀರೆ, ತಲೆ ತುಂಬ ಕನಕಾಂಬರ. ಆಕೆಯ ಪಕ್ಕ ನಾನು. ಬಟ್ಟೆಯೊಳಗೆ ತಲೆ ಹಾಕಿ ನೋಡಿ, “ಆಹಾ, ಈಗ ಅಲ್ಲಾಡ್ಬೇಡಿ” ಎಂದು ಕೂಗಿ, ಫಿಲಂ ಹಲಗೆಯನ್ನು ಕ್ಯಾಮೆರಾದ ಹಿಂದಕ್ಕೆ ತೂರಿಸಿದರು. ಆ ಹಲಗೆ ಹಾಕಿದ ಮೇಲೆ ಫೋಟೋಗ್ರಾಫರನಿಗೆ ಗಾಜಿನಲ್ಲಿ ಏನೂ ಕಾಣುವುದಿಲ್ಲ. ದೊಡ್ಡ ಅಳತೆಯ ಆ ಫಿಲಂ ಅಂಗಡಿಗಳಲ್ಲಿ ಬರುವುದು ನಿಂತು ಎಷ್ಟೋ ಕಾಲವಾಗಿತ್ತು, ಅವರ ಹತ್ತಿರ ಉಳಿದಿದ್ದು ಎರಡೇ ಹಾಳೆ.

ಅಷ್ಟರಲ್ಲಿ ಬೀದಿಯ ಬಲತುದಿಯಿಂದ ಬಿಸಿಲು ಏರಿತು. ಉಬ್ಬಿದ ಗಾಜಿನ ಮೇಲೆ ಒಂದು ಕಿರಣ ಬಿದ್ದರೂ ಫೋಟೋ ಬಿಳಿಚಿಹೋಗುತ್ತದೆ, ಬೇರೆ ಲೆನ್ಸಿಗೆ ಹಾಕುವ ಹಾಗೆ ಇದಕ್ಕೆ ಮರೆ ಹಾಕುವುದಕ್ಕೆ ಬರುವುದಿಲ್ಲ. ಅವರು ಒಂದು ಕೈಯಲ್ಲಿ ಕಪ್ಪು ರಟ್ಟು ಹಿಡಿದು, ಫೋಟೋದೊಳಗೆ ಬರದ ಹಾಗೆ, ಬಿಸಿಲೂ ಬೀಳದ ಹಾಗೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದರು. ಮುಖ ಪೂರ್ತಿ ಬಲಗಡೆಗೆ. ನಮ್ಮ ಕಡೆಗೆ ಬೆನ್ನು.

ಆಗ ನಾನು ನಮ್ಮ ಸಾಲನ್ನು ನೋಡಿದೆ.

ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವರಿಗೆ ಸಾಲು ಸೊಟ್ಟಗಿದ್ದರೆ ಆಗುವ ಸಂಕಟ ಬೇರೆಯವರಿಗೆ ತಿಳಿಯದು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮುಂದಿನವಳ ಹೆಗಲಿಗೆ ಕೈ ಚಾಚಿ ಅಳತೆ ನೋಡಿಕೊಂಡೇ ಬೆಳೆದವಳು ನಾನು. ಎರಡು ವರ್ಷ ಸಾಲು ನೆಟ್ಟಗೆ ಮಾಡಿಸುವ ಲೀಡರ್ ಕೂಡ ಆಗಿದ್ದೆ. ನಮ್ಮ ಎಡತುದಿಯ ಕಡೆ ನೋಡಿದರೆ ಜನ ರಸ್ತೆಗೆ ಅಡ್ಡವಾಗಿ ರೇಷನ್ ಅಂಗಡಿಯ ಕ್ಯೂ ಹಾಗೆ ಬಾಗಿ ನಿಂತಿದ್ದಾರೆ. ಕೊನೆಯಲ್ಲಿ ಆಕೆ, ಎಲ್ಲರಿಂದ ಬೇರೆ ಮಾಡಿ ಮುಂದೆ ನಿಲ್ಲಿಸಿದವರ ಹಾಗೆ, ಒಂಟಿಯಾಗಿ. ಮೂವತ್ತು ವರ್ಷಕ್ಕೊಮ್ಮೆ ನಿಂತಿದ್ದಾರೆ, ಅದೂ ಹೀಗೇ? ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ ಹೇಳಿದೆ, “ಎಲ್ರೂ ಸ್ವಲ್ಪ ಹಿಂದೆ ಬನ್ನಿ. ಗೋಡೆ ಪಕ್ಕ. ನೇರ.”

ಆಕೆ ಅನುಮಾನಿಸಿದರು. “ಇವ್ರು ಇಲ್ಲೇ ನಿಲ್ಲು ಅಂದಿದ್ರಲ್ಲ...”

“ಪರವಾಗಿಲ್ಲ ಬನ್ನಿ ಅಕ್ಕ, ಸಾಲು ಸೊಟ್ಟ ಆಗಿದೆ. ಫೋಟೋ ಚೆನ್ನಾಗಿ ಬರಬೇಕಲ್ಲ,” ಎಂದು ಆಕೆಯ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗಿ, ನಮ್ಮ ಗೋಡೆಯ ಪಕ್ಕ, ಸೂರಿನ ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿದೆ. ಎಡಗಡೆಯ ಹದಿನೈದಿಪ್ಪತ್ತು ಜನ ದಾರ ಹಿಡಿದ ಹಾಗೆ ಸಾಲಾದರು. ನನಗೆ ಸಮಾಧಾನವಾಯಿತು.

ಮುಚ್ಚಳ ತೆಗೆದರು. “ಒಂದು... ಎರಡು...” ಹಲಗೆ ತಿರುಗಿಸಿ ಇನ್ನೊಂದು. “ಒಂದು... ಎರಡು...” ಮುಗಿಯಿತು. ಸೋಮವಾರ ಹತ್ತು ಗಂಟೆಗೆ ನಮ್ಮ ಜಗಲಿ ಇರಲಿಲ್ಲ.

ಫೋಟೋ ಕೊಡಲು ಅವರು ನಮ್ಮ ಮನೆಗೆ ಬಂದದ್ದು ಹತ್ತು ಹನ್ನೆರಡು ದಿನ ಬಿಟ್ಟು. ಮುಂದಿನ ಕೋಣೆ ಹೋಗಿ ನಡುಮನೆಯೇ ರಸ್ತೆಗೆ ಬಂದಿತ್ತು, ಬಾಗಿಲಿಗೆ ತಗಡು ಕಟ್ಟಿದ್ದೆವು. ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದರು. ಎರಡೂವರೆ ಅಡಿ ಉದ್ದ, ಗೇಣಗಲ. ಬಲಗಡೆಯ ಅರ್ಧ ಎಷ್ಟು ಚೆನ್ನಾಗಿತ್ತು! ಬಾಗಿ ನಿಂತಿದ್ದ ಜನ ಫೋಟೋದಲ್ಲಿ ಹಗ್ಗ ಎಳೆದ ಹಾಗೆ ನೆಟ್ಟಗಿದ್ದರು. ಮಧ್ಯದವರಿಂದ ಬಲತುದಿಯವರೆಗೆ ಎಲ್ಲರ ಮುಖವೂ ಒಂದೇ ಅಳತೆ, ಅವರೆಕಾಳಿನಷ್ಟು. ನಗು, ಕನ್ನಡಕ, ಮೂಗುಬೊಟ್ಟು ಎಲ್ಲ ಕಾಣುತ್ತಿತ್ತು. ಎಡಗಡೆ ಮಾತ್ರ, ನೆಟ್ಟಗೆ ನಿಂತಿದ್ದ ನಾವು, ಒಬ್ಬರ ಹಿಂದೊಬ್ಬರು ಚಿಕ್ಕವರಾಗುತ್ತಾ ಆಗುತ್ತಾ ಹೋಗಿದ್ದೆವು. ತುದಿಯಲ್ಲಿ ಸೂರಿನ ಕತ್ತಲೆಯಲ್ಲಿ ಹೆಸರುಕಾಳಿನಷ್ಟು ಎರಡು ಮುಖ, ಅದೂ ಮಸುಕು. ಒಂದು ನಾನು. ಇನ್ನೊಂದು ಆಕೆ. ಕಣ್ಣಿಲ್ಲ, ತುಟಿಯಿಲ್ಲ, ಮಚ್ಚೆಯಿಲ್ಲ. ಕನಕಾಂಬರ ಇದ್ದಲ್ಲಿ ಒಂದು ಬೂದು ಚುಕ್ಕೆ.

“ಅಣ್ಣ, ಇದು ಯಾಕೆ...” ಎಂದು ಕೇಳಿದೆ.

ಅವರು ಫೋಟೋದ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದು ಶಾಲೆಯ ಮೇಷ್ಟ್ರ ಹಾಗೆ ವಿವರಿಸಿದರು. ನೇರ ಸಾಲಿನಲ್ಲಿ ತುದಿಯವರು ಕ್ಯಾಮೆರಾಗೆ ಬಹಳ ದೂರವಾಗುತ್ತಾರೆ, ಈ ಲೆನ್ಸು ಅವರನ್ನು ಬಗ್ಗಿಸಿ ಕುಗ್ಗಿಸಿಬಿಡುತ್ತದೆ. ಅದಕ್ಕೇ ನಾವು ಮೊದಲೇ ಬಗ್ಗಿ ನಿಂತು ತುದಿಯವರನ್ನು ಹತ್ತಿರ ತರಬೇಕು, ಆಗ ಅದು ನೆಟ್ಟಗೆ ಮಾಡಿಕೊಡುತ್ತದೆ. ಅಗ್ಗದ ಲೆನ್ಸು ನೋಡಿ, ಅಂಚಿನಲ್ಲಿ ಮಸುಕು ಬೇರೆ. ಆಕೆ ನಲ್ಲಿಯ ಹತ್ತಿರ ಹೇಳಿದ ಲೆಕ್ಕ ಇದೇ, ಕೊನೆಯಲ್ಲಿ ನಿಂತವರೂ ಮಧ್ಯದವರಷ್ಟೇ ದೊಡ್ಡದಾಗಿ ಬರುವ ಲೆಕ್ಕ.

“ಹಗ್ಗದ ತಪ್ಪು ಕಣಮ್ಮ,” ಎಂದರು. “ಅವತ್ತು ನೀವೆಲ್ಲ ನೀರು ಹುಯ್ದಿದ್ರಲ್ಲ, ನೀರು ಕುಡಿದು ಉದ್ದ ಆಗ್ಬಿಟ್ಟಿದೆ. ಹಳೇ ಹಗ್ಗ. ನಾನು ನೋಡ್ಕೋಬೇಕಿತ್ತು.”

ಆ ಗಳಿಗೆಯಲ್ಲಿ ನಾನು ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಹೊರಗೆ ಬಂದದ್ದು, “ಕಾಫಿ ಮಾಡ್ತೀನಿ ಕೂತ್ಕೊಳ್ಳಿ” ಎಂಬ ಮಾತು. ಸುಳ್ಳು ಹೇಳಬಾರದೆಂದು ನನಗೆ ಸಿಸ್ಟರುಗಳು ಕಲಿಸಿದ್ದರು, ಸುಮ್ಮನಿರುವುದೂ ಸುಳ್ಳೇ ಎಂದೂ ಕಲಿಸಿದ್ದರು. ನಾನು ಸಕ್ಕರೆ ಡಬ್ಬಿ ಹುಡುಕುತ್ತಾ ಅಡುಗೆಮನೆಯಲ್ಲೇ ಉಳಿದೆ.

ಮಾರನೆಯ ದಿನ ಸಿಕ್ಕಾಗ ಆಕೆಯೇ ನಕ್ಕರು. “ಸದ್ಯ! ಮಚ್ಚೆನೂ ಕಾಣಲ್ಲ, ಮೂತಿನೂ ಕಾಣಲ್ಲ. ಕುಂಚನೇ ಬೇಕಾಗಿಲ್ಲ.” ಇನ್ನೊಂದು ತೆಗೆಸಿಕೊಳ್ಳಿ ಎಂದು ನಾನು ಅಂಗಲಾಚಿದೆ. “ಒಂದ್ಸಲ ನಿಂತಾಯ್ತಲ್ಲ ಬಿಡು, ಬೀದಿನೂ ಹೋಯ್ತು,” ಎಂದು ಕೊಡ ಎತ್ತಿಕೊಂಡರು.

ಎರಡು ವರ್ಷವೂ ಆಗಿರಲಿಲ್ಲ. ಆಕೆಗೆ ಜ್ವರ ಬಂತು, ಎಂಟು ದಿನ ಆಸ್ಪತ್ರೆ, ಆಮೇಲೆ ಇಲ್ಲ...

ಹನ್ನೊಂದನೆಯ ದಿನ ಅವರ ಬಾಡಿಗೆ ಮನೆಗೆ ಹೋದೆ. ಹೂವಿನ ಹಾರ ಹಾಕಿ ಇಟ್ಟಿದ್ದದ್ದು ಆ ಮದುವೆಯ ಫೋಟೋ. ಬೇರೆ ಇರಲಿಲ್ಲವಲ್ಲ. ಅವರ ಮಗಳು ಉದ್ದ ಫೋಟೋದ ತುದಿಯನ್ನೇ ದೊಡ್ಡದು ಮಾಡಿಸಿ ನೋಡಿದ್ದಳಂತೆ, ಹೊಗೆಯ ಹಾಗೆ ಏನೋ ಬಂತಂತೆ. ಬಂದ ಹೆಂಗಸರು ಹಾರದ ನಡುವಿನ ಮುಖ ನೋಡಿ, “ಎಷ್ಟು ಲಕ್ಷಣವಾಗಿದ್ರು” ಎನ್ನುತ್ತಿದ್ದರು. ಸ್ಟುಡಿಯೋದವರು ಒಂದು ಸಲವೂ ಆ ಕಡೆ ತಲೆಯೆತ್ತಲಿಲ್ಲ. ತಮ್ಮ ಕೈಯಿಂದಲೇ ಅಳಿಸಿದ ಮುಖದ ಮುಂದೆ ತಮ್ಮ ಕೈಯಿಂದಲೇ ದೀಪ ಹಚ್ಚಬೇಕಾಗಿ ಬಂದಿತ್ತು.

ಊಟ ಮುಗಿದು ಜನ ಕರಗಿದ ಮೇಲೆ ಹಿತ್ತಲಲ್ಲಿ ಅವರು ಒಬ್ಬರೇ ಕೈ ತೊಳೆಯುತ್ತಿದ್ದರು. ನಾನು ಹೋಗಿ ನಿಂತು ಹೇಳಿಬಿಟ್ಟೆ. ಹಗ್ಗದ್ದಲ್ಲ ಅಣ್ಣ, ನಾನು. ಸಾಲು ನೆಟ್ಟಗೆ ಮಾಡಿಸಿದವಳು ನಾನು. ಅಕ್ಕನ್ನ ಹಿಂದಕ್ಕೆ ಕರ್ಕೊಂಡು ಹೋಗಿ ನಿಲ್ಲಿಸಿದ್ದು ನಾನು.

ಅವರು ನಲ್ಲಿ ತಿರುಗಿಸಿ ನಿಲ್ಲಿಸಿದರು. ಪಂಚೆಯ ಅಂಚಿನಲ್ಲಿ ಕೈ ಒರೆಸಿಕೊಂಡರು, ಒಂದೊಂದೇ ಬೆರಳು.

“ಗೊತ್ತು ಕಣಮ್ಮ.”

ನಾನು ತಲೆಯೆತ್ತಿ ಅವರ ಮುಖ ನೋಡಿದೆ.

“ಅವತ್ತು ಮಧ್ಯಾಹ್ನವೇ ಹೇಳಿದ್ಲು. ಫೋಟೋ ವಿಷ್ಯ ಹೇಳಿದ್ದಲ್ಲ ಅವಳು. ಆ ಹೊಸಕೋಟೆ ಹುಡ್ಗಿ ನನ್ನ ಕೈ ಹಿಡ್ಕೊಂಡು ಕರ್ಕೊಂಡೋಗಿ ಪಕ್ಕದಲ್ಲಿ ನಿಲ್ಲಿಸ್ಕೊಂಡ್ಲು, ಫೋಟೋ ಮುಗಿಯೋಗಂಟ ಬಿಡಲಿಲ್ಲ ಅಂತ. ಎಷ್ಟು ಸಲ ಹೇಳಿದ್ಲು ಅಂತೀಯ. ಊಟಕ್ಕೆ ಕೂತ್ರೂ ಅದೇ.” ಅವರ ಧ್ವನಿ ಸಣ್ಣದಾಯಿತು. “ಕತ್ತಲೆ ಕೋಣೇಲಿ ನೆಗೆಟಿವ್ ಎತ್ತಿ ನೋಡ್ದಾಗ ನನಗೆ ತಿಳೀತು ಏನಾಗಿದೆ ಅಂತ. ಅವಳಿಗೆ ಹೇಳೋಕೆ ಆಗಲಿಲ್ಲ. ನಿನಗೆ ಹೇಳಿದ್ರೆ ನೀನು ಅವಳ ಹತ್ರ ಹೋಗಿ ಅಳ್ತಿದ್ದೆ. ಅದುಕ್ಕೇ ಹಗ್ಗದ ಮೇಲೆ ಹಾಕಿದೆ.”

ನಾನು ಫೋಟೋ ಮುಗಿಯುವವರೆಗೂ ಕೈ ಹಿಡಿದೇ ಇದ್ದೆನೇ? ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಬಹುಶಃ ಆಕೆ ಮತ್ತೆ ಮುಂದೆ ಹೋಗಿಬಿಟ್ಟಾರು ಎಂದು ಹಿಡಿದಿದ್ದೆನೋ ಏನೋ... ಹಾಗೆಂದು ಅವರಿಗೆ ಹೇಳಲಿಲ್ಲ. ಅದನ್ನು ಮಾತ್ರ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಅದಾದ ಮೇಲೆ ಅವರು ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿರುವ ಮಗಳ ಮನೆಗೆ ಹೊರಟುಹೋದರು. ಮರದ ಕ್ಯಾಮೆರಾವನ್ನು ಬಡಗಿಗೇ ಕೊಟ್ಟರಂತೆ, ಕಪ್ಪೆಕಣ್ಣು ಏನಾಯಿತೋ ತಿಳಿಯದು. ಹೆದ್ದಾರಿಯ ಪಕ್ಕದ ಆ ಮನೆಯಲ್ಲಿ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಲಾರಿ ನೋಡುತ್ತಾ ಕೂತಿರುತ್ತಾರೆ ಎಂದು ಯಾರೋ ಹೇಳಿದ್ದರು. ಒಂದು ಸಲ ಹೋಗಿ ಬರಬೇಕು ಎಂದು ಪ್ರತಿ ಯುಗಾದಿಗೂ ಅಂದುಕೊಳ್ಳುತ್ತಿದ್ದೆ. ನೆಲಮಂಗಲ ಎಷ್ಟು ದೂರ? ಒಂದು ಗಂಟೆಯ ದಾರಿ. ಹೋದ ವರ್ಷ ಅವರೂ ಹೋದರೆಂದು ಸುದ್ದಿ ಬಂತು, ಅದೂ ಕಾರ್ಯ ಎಲ್ಲ ಮುಗಿದು ತಿಂಗಳಾದ ಮೇಲೆ.

ಇವತ್ತು ಪೈಪಿನಿಂದ ಹೊರತೆಗೆದ ಫೋಟೋ ಮಧ್ಯಾಹ್ನದವರೆಗೆ ಸುರುಳಿ ಬಿಡಲೇ ಇಲ್ಲ, ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಕೊನೆಗೆ ಊಟದ ಮೇಜಿನ ಮೇಲೆ ಹಾಸಿ ನಾಲ್ಕು ಮೂಲೆಗೂ ನಾಲ್ಕು ಸ್ಟೀಲ್ ಲೋಟ ಇಟ್ಟೆ. ಎಡತುದಿಯನ್ನು ಕನ್ನಡಕ ಹಾಕಿಕೊಂಡು, ತೆಗೆದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ. ಎರಡು ಹೆಸರುಕಾಳು. ಅವುಗಳ ನಡುವೆ ಕೈ ಇದೆಯೋ ಇಲ್ಲವೋ, ಅಷ್ಟು ಚಿಕ್ಕದರಲ್ಲಿ ಹೇಗೆ ತಿಳಿಯಬೇಕು?

ಸಂಜೆ ಮೇಲಿನ ಮನೆಯವರು ಕರಿಬೇವು ಕೇಳಿಕೊಂಡು ಬಂದರು. ಈ ಬೀದಿಗೆ ಬಂದು ಒಂದು ವರ್ಷವಾಗಿದೆ ಅಷ್ಟೆ, ಜಗಲಿಗಳಿದ್ದ ಕಾಲ ಅವರಿಗೆ ಗೊತ್ತಿಲ್ಲ. ನಾನು ಹಿತ್ತಲಿನಿಂದ ಎರಡು ಗರಿ ಕಿತ್ತು ತರುವಷ್ಟರಲ್ಲಿ ಮೇಜಿನ ಮೇಲೆ ಬಗ್ಗಿ ಫೋಟೋ ನೋಡುತ್ತಿದ್ದರು.

“ಎಷ್ಟುದ್ದ ಇದೆ ರೀ ಇದು! ಎಲ್ರೂ ಎಷ್ಟು ಚೆನ್ನಾಗಿ ಬಂದಿದ್ದಾರೆ.” ಬೆರಳು ಬಲದಿಂದ ಎಡಕ್ಕೆ ಸರಿಯುತ್ತಾ ಬಂದು ತುದಿಯಲ್ಲಿ ನಿಂತಿತು. “ಇವ್ರು ಯಾಕೆ ರೀ ಅಷ್ಟು ದೂರ ಹೋಗಿ ನಿಂತ್ಕೊಂಡ್ರು? ಯಾರಾದ್ರೂ ಒಂದು ಮಾತು, ಮುಂದೆ ಬನ್ನಿ ಅಂದಿದ್ರೆ ಬರ್ತಿದ್ರು ಪಾಪ,” ಎಂದು ಕರಿಬೇವು ತೆಗೆದುಕೊಂಡು, ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ ಎಂದು ಮೆಟ್ಟಿಲು ಹತ್ತಿ ಹೋದರು.